ಬಾಯ್ಕಾಟ್: ಒಂದು ಪದದ ಅರ್ಥ ಕಲಿತ ಕಥೆ

ಶಾಲೆಯಲ್ಲಿ ಇಂಗ್ಲಿಷ್ ಹಾಗೂ ಸಮಾಜ ಪಾಠಗಳನ್ನು ಮೂವತ್ತಮೂರು ವರ್ಷ ಹೇಳಿಕೊಟ್ಟು ನಿವೃತ್ತನಾದವನು ನಾನು. ಎಷ್ಟು ಸಾವಿರ ಪದಗಳಿಗೆ ಅರ್ಥ ಬರೆಸಿದ್ದೇನೋ ಲೆಕ್ಕವಿಟ್ಟಿಲ್ಲ. ಅವುಗಳಲ್ಲಿ ಒಂದು ಪದ ಮಾತ್ರ ನನ್ನನ್ನು ಈಗಲೂ ಬಿಟ್ಟಿಲ್ಲ. ಅದರ ಅರ್ಥವನ್ನು ತಪ್ಪಾಗಿ ಬರೆಸಿದೆನೆಂದಲ್ಲ. ನಿಘಂಟಿನಲ್ಲಿ ಇದ್ದುದನ್ನೇ ಬರೆಸಿದ್ದೆ. ಆದರೆ ಆ ಪದವನ್ನು ನನಗಿಂತ ಚೆನ್ನಾಗಿ ಬಲ್ಲವನೊಬ್ಬ ತರಗತಿಯ ಕೊನೆಯ ಸಾಲಿನಲ್ಲಿ ಕುಳಿತಿದ್ದ, ಅದು ನನಗೆ ತಿಳಿಯಲಿಲ್ಲ. ಆ ಪದ ‘ಬಾಯ್ಕಾಟ್’.

1974ರ ಮಾತು. ಬಯಲುಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಗೆ ಹೊಸದಾಗಿ ಸೇರಿದ್ದೆ. ಒಂಬತ್ತನೆಯ ತರಗತಿಯ ಪಾಠದಲ್ಲಿ ವಿದೇಶಿ ಬಟ್ಟೆಯ ಪ್ರಸ್ತಾಪ ಬಂದಾಗ ಈ ಪದವೂ ಬಂತು. ನನ್ನ ಪದ್ಧತಿ ಸರಳವಾದುದು: ಕರಿಹಲಗೆಯ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದ ಅರ್ಥ, ಕೆಳಗೆ ಒಂದು ಮಾದರಿ ವಾಕ್ಯ. ಬಲಭಾಗದಲ್ಲಿ ‘ಬಹಿಷ್ಕಾರ’ ಎಂದು ಬರೆದೆ. ಕೆಳಗೆ, ಗಾಂಧೀಜಿ ವಿದೇಶಿ ಬಟ್ಟೆಯನ್ನು ಬಹಿಷ್ಕರಿಸಿದರು ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಬರೆದೆ. ಮರುದಿನ ಪ್ರತಿಯೊಬ್ಬರೂ ಆ ಪದವನ್ನು ಬಳಸಿ ಸ್ವಂತ ವಾಕ್ಯವೊಂದನ್ನು ಬರೆದು ತರಬೇಕು.

ಮಕ್ಕಳು ಬರೆದುದರಲ್ಲಿ ಹೆಚ್ಚಿನವು ನನ್ನ ವಾಕ್ಯದ ನಕಲುಗಳೇ. ಗಾಂಧೀಜಿಯ ಜಾಗದಲ್ಲಿ ನೆಹರೂ, ಬಟ್ಟೆಯ ಜಾಗದಲ್ಲಿ ಸಕ್ಕರೆ, ಅಷ್ಟೇ ವ್ಯತ್ಯಾಸ. ಒಂದು ಪುಸ್ತಕದಲ್ಲಿ ಮಾತ್ರ ಮೂರೇ ಪದಗಳಿದ್ದವು: ‘ವಿ ಆರ್ ಬಾಯ್ಕಾಟ್.’ ಕರ್ಮಣಿ ಪ್ರಯೋಗದಲ್ಲಿ ಕ್ರಿಯಾಪದದ ಕೊನೆಗೆ ‘ಎಡ್’ ಬರಬೇಕೆಂಬುದು ಹುಡುಗನಿಗೆ ಗೊತ್ತಿರಲಿಲ್ಲ. ಕೆಂಪು ಶಾಯಿಯಲ್ಲಿ ಅದನ್ನು ಸೇರಿಸಿ, ಎರಡಕ್ಕೆ ಒಂದು ಅಂಕ ಕೊಟ್ಟು, ಪುಸ್ತಕ ಮುಚ್ಚಿದೆ. ಸ್ವಂತ ವಾಕ್ಯ ಬರೆಯಿರಿ ಎಂದಿದ್ದೆ. ಇಡೀ ತರಗತಿಯಲ್ಲಿ ಸ್ವಂತ ವಾಕ್ಯ ಬರೆದವನು ಅವನೊಬ್ಬನೇ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ವಾರದ ಬಳಿಕ ಆ ಹುಡುಗ ಶಾಲೆಗೆ ಬರುವುದನ್ನು ನಿಲ್ಲಿಸಿದ. ವಿಚಾರಿಸಿದಾಗ ಶಾಲೆಯ ಜವಾನ ಸಂಗತಿ ಹೇಳಿದ. ಸತ್ತ ಎತ್ತನ್ನು ಹೊತ್ತುಹಾಕಲು ಹುಡುಗನ ತಂದೆ ಒಲ್ಲೆನೆಂದಿದ್ದನಂತೆ. ಊರ ಹಿರಿಯರು ಕೂಡಿ ತೀರ್ಮಾನ ಮಾಡಿದ್ದರು. ಅಂದಿನಿಂದ ಆ ಮನೆಯವರಿಗೆ ಕೂಲಿ ಇಲ್ಲ, ಅಂಗಡಿಯಲ್ಲಿ ಉಪ್ಪು ಇಲ್ಲ, ಗಿರಣಿಯಲ್ಲಿ ರಾಗಿ ಬೀಸಿಕೊಡುವುದಿಲ್ಲ. ಊರ ಬಾವಿಯ ಹಗ್ಗ ಮುಟ್ಟುವ ಹಕ್ಕು ಅವರಿಗೆ ಮೊದಲೇ ಇರಲಿಲ್ಲ. ದೂರದಿಂದ ಅವರ ಕೊಡಕ್ಕೆ ನೀರು ಎರೆಯುತ್ತಿದ್ದವರು ಈಗ ಎರೆಯುವುದನ್ನೂ ನಿಲ್ಲಿಸಿದ್ದರು. ಅವರೊಡನೆ ಮಾತನಾಡಿದವರಿಗೆ ಹನ್ನೊಂದು ರೂಪಾಯಿ ದಂಡ. ನಾನು ಬಾಡಿಗೆಗಿದ್ದ ಕೋಣೆಯ ಯಜಮಾನರು ಆ ಹಿರಿಯರಲ್ಲಿ ಒಬ್ಬರು. ನಾನೇನು ಮಾಡಿದೆ ಎಂದು ಓದುಗರು ಕೇಳಬಹುದು. ಏನೂ ಮಾಡಲಿಲ್ಲ. ತಪ್ಪಿದ ಪಾಠಗಳ ಟಿಪ್ಪಣಿಯನ್ನು ಜವಾನನ ಕೈಯಲ್ಲಿ ಕತ್ತಲಾದ ಮೇಲೆ ಕಳುಹಿಸಿಕೊಟ್ಟೆ. ಅದನ್ನು ಧೈರ್ಯವೆಂದು ಅಂದು ತಿಳಿದಿದ್ದೆ.

ಬಹಳ ವರ್ಷಗಳ ಬಳಿಕ ಇಂಗ್ಲಿಷ್ ಪದಗಳ ಹುಟ್ಟಿನ ಬಗ್ಗೆ ಓದುವ ಹವ್ಯಾಸ ಬೆಳೆದಾಗ, ‘ಬಾಯ್ಕಾಟ್’ ಎಂಬುದು ಮೂಲದಲ್ಲಿ ಪದವೇ ಅಲ್ಲ, ಒಬ್ಬ ಮನುಷ್ಯನ ಮನೆತನದ ಹೆಸರು ಎಂದು ತಿಳಿಯಿತು. ಆ ಕಥೆಯನ್ನು ಓದುತ್ತ ಹೋದಂತೆ, ನನ್ನ ಕರಿಹಲಗೆಯ ಎಡಭಾಗಕ್ಕೂ ಬಲಭಾಗಕ್ಕೂ ನಡುವೆ ಎಷ್ಟು ದೂರವಿತ್ತೆಂಬುದು ಅರಿವಾಯಿತು.

ಐರ್ಲೆಂಡಿನ ಪಶ್ಚಿಮ ಭಾಗದಲ್ಲಿ ಮೇಯೋ ಎಂಬ ಜಿಲ್ಲೆಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಭೂಮಿ ಕೆಲವೇ ಜಮೀನ್ದಾರರದು. ಉಳುವವರು ಗೇಣಿದಾರರು, ಗೇಣಿ ತಪ್ಪಿದರೆ ಹೊಲವೂ ಹೋಯಿತು, ಮನೆಯೂ ಹೋಯಿತು. 1845ರಿಂದ ಕೆಲವು ವರ್ಷ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಬಂದ ಮಹಾಕ್ಷಾಮದಲ್ಲಿ ಆ ದೇಶದ ಸುಮಾರು ಹತ್ತು ಲಕ್ಷ ಜನ ಸತ್ತಿದ್ದರು. 1879ರಲ್ಲಿ ಮತ್ತೆ ಬೆಳೆ ಕೆಟ್ಟಾಗ ಜನರಿಗೆ ಆ ಹಳೆಯ ಭಯ ಮರುಕಳಿಸಿತು. ಆ ವರ್ಷವೇ ಮೈಕೇಲ್ ಡೇವಿಟ್ ಮೊದಲಾದವರು ಭೂಸಂಘವನ್ನು ಸ್ಥಾಪಿಸಿದರು. ಚಾರ್ಲ್ಸ್ ಸ್ಟೂವರ್ಟ್ ಪಾರ್ನೆಲ್ ಅದರ ಅಧ್ಯಕ್ಷನಾದ.

1880ರ ಸೆಪ್ಟೆಂಬರ್ 19ರಂದು ಎನ್ನಿಸ್ ಪಟ್ಟಣದ ಸಭೆಯಲ್ಲಿ ಪಾರ್ನೆಲ್ ಜನರ ಮುಂದೆ ಒಂದು ಪ್ರಶ್ನೆಯಿಟ್ಟ. ನೆರೆಯವನನ್ನು ಹೊರದೂಡಿದ ಹೊಲವನ್ನು ಇನ್ನೊಬ್ಬ ಗೇಣಿಗೆ ಹಿಡಿದರೆ ಅವನನ್ನು ಏನು ಮಾಡುತ್ತೀರಿ? ಗುಂಪಿನಿಂದ ‘ಕೊಲ್ಲುತ್ತೇವೆ’ ಎಂಬ ಕೂಗು ಬಂತು. ಅದಕ್ಕಿಂತ ಕ್ರೈಸ್ತ ಧರ್ಮಕ್ಕೆ ಒಪ್ಪುವ ದಾರಿಯೊಂದಿದೆ ಎಂದ ಪಾರ್ನೆಲ್: ದಾರಿಯಲ್ಲಿ, ಅಂಗಡಿಯಲ್ಲಿ, ಸಂತೆಯಲ್ಲಿ, ಪ್ರಾರ್ಥನಾ ಮಂದಿರದಲ್ಲಿ ಸಹ ಅವನನ್ನು ಕುಷ್ಠರೋಗಿಯಂತೆ ದೂರವಿಡಿ, ಅವನನ್ನು ಒಂಟಿಯಾಗಿಸಿ.

ಆ ಮಾತು ಬಿದ್ದ ಮೂರೇ ದಿನಗಳಲ್ಲಿ ಅದರ ಪ್ರಯೋಗ ನಡೆಯಿತು. ಮಾಸ್ಕ್ ಸರೋವರದ ತೀರದಲ್ಲಿ ಅರ್ನ್ ಪ್ರಭುವಿನ ಜಮೀನುಗಳಿದ್ದವು. ಅವುಗಳ ಕಾರಭಾರಿ ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದಲ್ಲಿ ಹುಟ್ಟಿ, ಕೆಲಕಾಲ ಸೈನ್ಯದಲ್ಲಿದ್ದು, ಕ್ಯಾಪ್ಟನ್ ಎಂದು ಕರೆಸಿಕೊಳ್ಳುತ್ತಿದ್ದ ಚಾರ್ಲ್ಸ್ ಕನ್ನಿಂಗ್‌ಹ್ಯಾಮ್ ಬಾಯ್ಕಾಟ್. ಗೇಣಿಯಲ್ಲಿ ಶೇಕಡಾ 25ರಷ್ಟು ಇಳಿಸಬೇಕೆಂದು ರೈತರು ಕೇಳಿದರು. ಪ್ರಭು ಶೇಕಡಾ 10ಕ್ಕಿಂತ ಮೇಲೆ ಹೋಗಲೊಪ್ಪಲಿಲ್ಲ. ಸೆಪ್ಟೆಂಬರ್ 22ರಂದು ಪೊಲೀಸರ ಕಾವಲಿನಲ್ಲಿ ಒಕ್ಕಲೆಬ್ಬಿಸುವ ನೋಟೀಸು ಹಂಚಲು ಹೊರಟವನನ್ನು ಊರ ಹೆಂಗಸರು ಕಲ್ಲು, ಕೆಸರು, ಗೊಬ್ಬರ ಎಸೆದು ಓಡಿಸಿದರು. ಆಮೇಲೆ ಬಾಯ್ಕಾಟನ ಮನೆಯ ಆಳುಗಳೂ ಹೊಲದ ಕೂಲಿಗಳೂ ಕೆಲಸ ಬಿಟ್ಟರು. ಕಮ್ಮಾರ ಲಾಳ ಕಟ್ಟಲಿಲ್ಲ, ಅಗಸಗಿತ್ತಿ ಬಟ್ಟೆ ಒಗೆಯಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ. ಬೆಳೆ ಹೊಲದಲ್ಲೇ ನಿಂತಿತು.

ಈ ಹೊಸ ಆಯುಧಕ್ಕೆ ಹೆಸರಿರಲಿಲ್ಲ. ಜೇಮ್ಸ್ ರೆಡ್‌ಪಾತ್ ಎಂಬ ಅಮೆರಿಕದ ಪತ್ರಕರ್ತ ಆಗ ಅಲ್ಲಿದ್ದ. ಊರ ಪಾದ್ರಿ ಜಾನ್ ಓಮ್ಯಾಲಿಯ ಮನೆಯಲ್ಲಿ ಊಟಕ್ಕೆ ಕುಳಿತಾಗ ನಡೆದುದನ್ನು ಅವನೇ ಬರೆದಿದ್ದಾನೆ. ತನಗೆ ಒಂದು ಪದ ಬೇಕಾಗಿದೆ, ‘ಆಸ್ಟ್ರಸಿಸಂ’ ಎನ್ನುವುದು ಇಲ್ಲಿ ಹೊಂದದು ಎಂದು ರೆಡ್‌ಪಾತ್ ಹೇಳಿದ. ಪ್ರಾಚೀನ ಅಥೆನ್ಸಿನಲ್ಲಿ ಮಡಕೆಯ ಚೂರುಗಳ ಮೇಲೆ ಹೆಸರು ಗೀರಿ, ಪ್ರಬಲನಾಗಿ ಬೆಳೆದವನನ್ನು ಹತ್ತು ವರ್ಷ ನಗರದಿಂದ ಹೊರಗಟ್ಟುತ್ತಿದ್ದ ಪದ್ಧತಿಯಿಂದ ಬಂದ ಪದವದು. ಪಾದ್ರಿಯೂ ಒಪ್ಪಿದ, ಅಷ್ಟು ದೊಡ್ಡ ಪದ ನಮ್ಮ ರೈತರಿಗೆ ತಿಳಿಯುವುದಿಲ್ಲ ಎಂದ. ಕ್ಷಣಹೊತ್ತು ಯೋಚಿಸಿ, ಅವನನ್ನು ‘ಬಾಯ್ಕಾಟ್ ಮಾಡುವುದು’ ಎಂದರೆ ಹೇಗೆ ಎಂದು ಕೇಳಿದ. ಅಲ್ಲಿಗೆ ಒಂದು ಅಂಕಿತನಾಮ ಕ್ರಿಯಾಪದವಾಯಿತು.

ಅಕ್ಟೋಬರಿನಲ್ಲಿ ಬಾಯ್ಕಾಟ್ ತನ್ನ ಸಂಕಟವನ್ನು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದುಕೊಂಡ. ನವೆಂಬರಿನಲ್ಲಿ ಉತ್ತರದ ಜಿಲ್ಲೆಗಳಿಂದ 50 ಮಂದಿ ಸ್ವಯಂಸೇವಕರು ಕೊಯ್ಲಿಗೆ ಬಂದರು. ಅವರ ರಕ್ಷಣೆಗೆ ಸಾವಿರದಷ್ಟು ಸೈನಿಕರು ಮತ್ತು ಪೊಲೀಸರು. ಸುಮಾರು 500 ಪೌಂಡು ಬೆಲೆಯ ಬೆಳೆ ಕಾಪಾಡಲು 10,000 ಪೌಂಡು ವೆಚ್ಚವಾಯಿತೆಂದು ಅಂದಿನ ಅಂದಾಜು. ಡಿಸೆಂಬರ್ ಮೊದಲಲ್ಲಿ ಬಾಯ್ಕಾಟ್ ಐರ್ಲೆಂಡ್ ಬಿಟ್ಟು ಹೋದ. ಅವನ ಹೆಸರು ಮಾತ್ರ ಅವನಿಗಿಂತ ದೂರ ಹೋಯಿತು. ಫ್ರೆಂಚ್, ಜರ್ಮನ್, ಡಚ್, ರಷ್ಯನ್ ಭಾಷೆಗಳೂ ಜಪಾನೀ ಭಾಷೆಯೂ ಅದನ್ನು ತಮ್ಮದಾಗಿಸಿಕೊಂಡವು. ತನ್ನ ಹೆಸರು ನಿಂದೆಯ ಕ್ರಿಯಾಪದವಾದುದನ್ನು ಕಂಡೇ ಅವನು 1897ರಲ್ಲಿ ತೀರಿಕೊಂಡ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬಾಯ್ಕಾಟನ ಬಳಿ ಕಾನೂನಿತ್ತು, ಪೊಲೀಸರಿದ್ದರು, ಪತ್ರಿಕೆಯಿತ್ತು, ಹೋಗಲು ಇಂಗ್ಲೆಂಡಿತ್ತು. ಅವನನ್ನು ದೂರವಿಟ್ಟವರ ಬಳಿ ಇದ್ದುದು ತಮ್ಮ ದುಡಿಮೆ ಮಾತ್ರ. ಅದನ್ನು ಅವರು ಹಿಂದೆಗೆದುಕೊಂಡರು. ಹಾಗೆಂದು ಅಲ್ಲಿ ಎಲ್ಲವೂ ನಿರ್ಮಲವಾಗಿತ್ತೆಂದು ನಾನು ಹೇಳಲಾರೆ. ಕಮ್ಮಾರನಿಗೆ ಕೊಲೆಬೆದರಿಕೆಯ ಪತ್ರ ಬಂತೆಂದೂ, ಅಂಚೆ ತರುತ್ತಿದ್ದ ಹುಡುಗನನ್ನು ಹೊಡೆದು ಬೆದರಿಸಿದರೆಂದೂ ಬಾಯ್ಕಾಟ್ ತನ್ನ ಪತ್ರದಲ್ಲಿ ದೂರಿದ್ದಾನೆ. ದುರ್ಬಲರ ಆಯುಧವೂ ತನಗಿಂತ ದುರ್ಬಲನಾದವನ ಮೇಲೆ ಬೀಳಬಲ್ಲದು.

ಈ ಪದ ಭಾರತದ ರಾಜಕೀಯದಲ್ಲಿ ಮನೆಮಾತಾದುದು ಬಂಗಾಳದ ವಿಭಜನೆಯ ಕಾಲದಲ್ಲಿ. 1905ರ ಆಗಸ್ಟ್ 7ರಂದು ಕಲ್ಕತ್ತೆಯ ಟೌನ್ ಹಾಲಿನ ಸಭೆ ಬ್ರಿಟಿಷ್ ಸರಕುಗಳನ್ನು ಕೊಳ್ಳಬಾರದೆಂದು ನಿರ್ಣಯಿಸಿತು. ಸ್ವದೇಶಿ, ಬಾಯ್ಕಾಟ್, ರಾಷ್ಟ್ರೀಯ ಶಿಕ್ಷಣ, ಸ್ವರಾಜ್ಯ ಎಂಬ ನಾಲ್ಕನ್ನೂ ಒಟ್ಟಿಗೆ ಜಪಿಸಿದವರು ತಿಲಕರು. ಮರಾಠಿಯಂತೆ ಕನ್ನಡಕ್ಕೂ ಇದಕ್ಕೊಂದು ದೇಶೀಯ ಹೆಸರು ಬೇಕಾಯಿತು; ‘ಬಹಿಷ್ಕಾರ’ ಎಂಬ ಸಂಸ್ಕೃತ ಪದ ಸಿದ್ಧವಾಗಿಯೇ ಇತ್ತು. ‘ಬಹಿಃ’ ಎಂದರೆ ಹೊರಗೆ; ಬಹಿಷ್ಕಾರವೆಂದರೆ ಹೊರಗೆ ಮಾಡುವುದು.

ಆದರೆ ಅದು ಖಾಲಿ ಪಾತ್ರೆಯಾಗಿರಲಿಲ್ಲ. ಐರ್ಲೆಂಡಿನ ಬಾಯ್ಕಾಟ್ ಹುಟ್ಟುವ ಎಷ್ಟೋ ಶತಮಾನ ಮೊದಲೇ ನಮ್ಮಲ್ಲಿ ಬಹಿಷ್ಕಾರವಿತ್ತು. ಕುಲದಿಂದ ಹೊರಹಾಕುವುದು, ಪಂಕ್ತಿಯಿಂದ ಎಬ್ಬಿಸುವುದು, ನೀರು ಬೆಂಕಿ ನಿಲ್ಲಿಸುವುದು, ಕೊಟ್ಟು ತರುವ ಸಂಬಂಧ ಕಡಿಯುವುದು, ಇವೆಲ್ಲ ಅದರ ಅಂಗಗಳು. 1888ರಲ್ಲಿ ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೊರಟ ಗಾಂಧಿಯವರನ್ನೇ ಮುಂಬಯಿಯ ಅವರ ಜಾತಿಯ ಸಭೆ ಹೊರಗಿಟ್ಟಿತು. ಅವರಿಗೆ ಸಹಾಯ ಮಾಡಿದವರಿಗೆ, ಬಂದರಿಗೆ ಬೀಳ್ಕೊಡಲು ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ಸಾರಿತೆಂದು ಅವರ ಆತ್ಮಕಥೆಯಲ್ಲಿದೆ. ಅದನ್ನು ಓದಿದಾಗ ನನ್ನ ಹಳ್ಳಿಯ ಹನ್ನೊಂದು ರೂಪಾಯಿ ನೆನಪಾಯಿತು. ಅನಂತಮೂರ್ತಿಯವರ ‘ಘಟಶ್ರಾದ್ಧ’ವನ್ನು ಓದಿದವರಿಗೆ, ಅದನ್ನಾಧರಿಸಿ 1977ರಲ್ಲಿ ಗಿರೀಶ ಕಾಸರವಳ್ಳಿಯವರು ಮಾಡಿದ ಚಿತ್ರವನ್ನು ನೋಡಿದವರಿಗೆ ಈ ಹೊರಹಾಕುವಿಕೆಯ ಕೊನೆಯ ಮೆಟ್ಟಿಲು ಯಾವುದೆಂದು ಗೊತ್ತಿದೆ: ಬದುಕಿರುವವಳಿಗೇ ಶ್ರಾದ್ಧ.

ಹೀಗೆ ಒಂದೇ ಕನ್ನಡ ಪದದೊಳಗೆ ಎರಡು ಇತಿಹಾಸಗಳು ಸೇರಿಕೊಂಡವು. ಬಾಯ್ಕಾಟಿನ ಇತಿಹಾಸ ನಮ್ಮ ನಾಡಿನಲ್ಲೂ ನಡೆದಿದೆ. ಕಾನೂನುಭಂಗ ಚಳವಳಿಯ ದಿನಗಳಲ್ಲಿ ಉತ್ತರ ಕನ್ನಡದ ಅಂಕೋಲಾ, ಸಿದ್ದಾಪುರ ತಾಲೂಕುಗಳ ರೈತರು ಕಂದಾಯ ಕೊಡಲು ನಿರಾಕರಿಸಿದರು. ಸರ್ಕಾರ ಅವರ ಜಮೀನು ಮುಟ್ಟುಗೋಲು ಹಾಕಿಕೊಂಡು ಹರಾಜು ಮಾಡಿತು. ಹರಾಜಿನಲ್ಲಿ ಕೊಂಡವರೂ ಇದ್ದರು. ಎನ್ನಿಸ್ ಸಭೆಯ ಪ್ರಶ್ನೆಯೇ ಇಲ್ಲೂ ಎದ್ದಿತು: ನೆರೆಯವನಿಂದ ಕಸಿದುಕೊಂಡ ಹೊಲವನ್ನು ಹಿಡಿದವನನ್ನು ಏನು ಮಾಡುವುದು? 1932ರಲ್ಲಿ ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಹೆಣ್ಣುಮಕ್ಕಳು ಅಂಥವರ ಮನೆಯ ಮುಂದೆ ಉಪವಾಸ ಕುಳಿತರು. ಅವರು ಯಾರ ನೀರನ್ನೂ ನಿಲ್ಲಿಸಲಿಲ್ಲ. ತಾವೇ ಅನ್ನ ಬಿಟ್ಟರು. ಪಾರ್ನೆಲನ ಕುಷ್ಠರೋಗಿಯ ಉಪಮೆಗಿಂತ ಈ ಉತ್ತರ ನನಗೆ ಹಿರಿದಾಗಿ ಕಾಣುತ್ತದೆ.

ಇನ್ನೊಂದು ಇತಿಹಾಸವನ್ನು ಬಲ್ಲವರು ಅಂಬೇಡ್ಕರರು. 1924ರಲ್ಲಿ ಅವರು ಕಟ್ಟಿದ ಸಂಸ್ಥೆಯ ಹೆಸರು ‘ಬಹಿಷ್ಕೃತ ಹಿತಕಾರಿಣೀ ಸಭಾ’. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರನ್ನು ಕುಡಿದ ಎರಡು ವಾರಕ್ಕೆ, ಏಪ್ರಿಲ್ 3ರಂದು, ಅವರು ಆರಂಭಿಸಿದ ಪತ್ರಿಕೆ ‘ಬಹಿಷ್ಕೃತ ಭಾರತ’. ದೇಶದ ಇತರ ನಾಯಕರು ‘ನಾವು ಬಹಿಷ್ಕರಿಸುತ್ತೇವೆ’ ಎನ್ನುತ್ತಿದ್ದ ದಶಕದಲ್ಲಿಯೇ ಅವರು ‘ನಾವು ಬಹಿಷ್ಕೃತರು’ ಎಂದರು. ನನ್ನ ವಿದ್ಯಾರ್ಥಿಯ ಮೂರು ಪದಗಳ ವಾಕ್ಯ ಅದೇ ಅಲ್ಲವೇ?

ಹಕ್ಕು ಕೇಳಿದ ಅಸ್ಪೃಶ್ಯರ ಮೇಲೆ ಹಳ್ಳಿಗಳು ಹೂಡುವ ಬಲವಾದ ಅಸ್ತ್ರ ಸಾಮಾಜಿಕ ಬಹಿಷ್ಕಾರವೇ ಎಂದು ಅಂಬೇಡ್ಕರರು ಮತ್ತೆ ಮತ್ತೆ ಎಚ್ಚರಿಸಿದರು. ಹೊಡೆತಕ್ಕಾದರೆ ಸಾಕ್ಷಿಯುಂಟು; ಕೂಲಿ ಕೊಡದಿರುವುದಕ್ಕೆ, ಉಪ್ಪು ಮಾರದಿರುವುದಕ್ಕೆ ಯಾವ ಸಾಕ್ಷಿ? ದುಂಡುಮೇಜಿನ ಪರಿಷತ್ತಿಗೆ ಒಪ್ಪಿಸಿದ ಮನವಿಯಲ್ಲಿ ಬಹಿಷ್ಕಾರವನ್ನು ಶಿಕ್ಷಾರ್ಹ ಅಪರಾಧವೆಂದು ಸಾರಬೇಕೆಂದು ಕೇಳಿದರು. ಅದರ ಮಾದರಿಯನ್ನು 1922ರ ಬರ್ಮಾ ಬಾಯ್ಕಾಟ್ ವಿರೋಧಿ ಕಾಯ್ದೆಯಿಂದ ತೆಗೆದುಕೊಂಡಿದ್ದರು. ದೌರ್ಜನ್ಯ ತಡೆಯುವ 1989ರ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ, ಪರಿಶಿಷ್ಟ ಜಾತಿ ಪಂಗಡಗಳ ವ್ಯಕ್ತಿಗೆ ಅಥವಾ ಕುಟುಂಬಕ್ಕೆ ಸಾಮಾಜಿಕ ಇಲ್ಲವೇ ಆರ್ಥಿಕ ಬಹಿಷ್ಕಾರ ಹಾಕುವುದನ್ನೂ ಹಾಕುವೆನೆಂದು ಬೆದರಿಸುವುದನ್ನೂ ಸ್ಪಷ್ಟವಾಗಿ ಅಪರಾಧಗಳ ಪಟ್ಟಿಗೆ ಸೇರಿಸಿತು. ಅದು ಜಾರಿಗೆ ಬಂದುದು 2016ರ ಜನವರಿ 26ರಂದು.

ಈ ಎರಡು ಇತಿಹಾಸಗಳನ್ನು ಬೇರ್ಪಡಿಸುವ ಸಾಧನ ನಮ್ಮ ಭಾಷೆಯಲ್ಲಿಯೇ ಇದೆಯೆಂಬುದು ನನಗೆ ತಡವಾಗಿ ಹೊಳೆಯಿತು. ರಸ್ತೆಯಾಗಲಿಲ್ಲವೆಂದು ಹಳ್ಳಿಯವರು ‘ಮತದಾನವನ್ನು ಬಹಿಷ್ಕರಿಸಿದರು’ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಅದೇ ಪತ್ರಿಕೆಯ ಇನ್ನೊಂದು ಪುಟದಲ್ಲಿ ‘ಕುಟುಂಬಕ್ಕೆ ಬಹಿಷ್ಕಾರ ಹಾಕಿದರು’ ಎಂದಿರುತ್ತದೆ. ಮೊದಲನೆಯದರಲ್ಲಿ ದ್ವಿತೀಯಾ ವಿಭಕ್ತಿ, ಎರಡನೆಯದರಲ್ಲಿ ಚತುರ್ಥಿ. ಬಹಿಷ್ಕರಿಸುವವನು ಒಂದು ವ್ಯವಸ್ಥೆಯಿಂದ ತಾನೇ ಹೊರಗೆ ನಿಲ್ಲುತ್ತಾನೆ. ಬಹಿಷ್ಕಾರ ಹಾಕುವವನು ಒಳಗೆ ಕುಳಿತು ಇನ್ನೊಬ್ಬನನ್ನು ಹೊರಗೆ ನಿಲ್ಲಿಸುತ್ತಾನೆ. ದಂಡ, ಬೀಗ, ಬೇಡಿ ಇವುಗಳಂತೆ ಅದು ‘ಹಾಕುವ’ ವಸ್ತು. ವ್ಯಾಕರಣದ ಈ ನಿಯಮವನ್ನು ಯಾರೂ ಕುಳಿತು ರಚಿಸಿದ್ದಲ್ಲ. ಆಡುವ ಜನ ತಾವು ಕಂಡುದಕ್ಕೆ ತಕ್ಕಂತೆ ಮಾತನ್ನು ರೂಢಿಸಿಕೊಂಡಿದ್ದಾರೆ.

ಈ ತೊಡಕು ನಮ್ಮದೊಂದೇ ಅಲ್ಲ. 1955ರ ಡಿಸೆಂಬರಿನಲ್ಲಿ ಅಮೆರಿಕದ ಮಾಂಟ್‌ಗೊಮೆರಿ ನಗರದ ಕಪ್ಪು ಜನ ಬಸ್ಸು ಹತ್ತುವುದನ್ನು ಬಿಟ್ಟರು. 381 ದಿನ ನಡೆದು ಓಡಾಡಿದರು. ಅವರ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಆರಂಭದಲ್ಲಿ ‘ಬಾಯ್ಕಾಟ್’ ಎಂಬ ಪದದ ಬಗ್ಗೆಯೇ ಅಳುಕಿದ್ದರು. ಕಪ್ಪು ಜನರ ಹಕ್ಕನ್ನು ಬೆಂಬಲಿಸಿದವರ ಅನ್ನ ಕಿತ್ತುಕೊಳ್ಳಲು ಬಿಳಿಯರ ಸಂಘಗಳು ಇದೇ ವಿಧಾನವನ್ನು ಬಳಸುತ್ತಿದ್ದವು. ಹಾಗಾದರೆ ನಮಗೂ ಅವರಿಗೂ ಏನು ಭೇದ ಎಂದು ತಮ್ಮನ್ನು ಕೇಳಿಕೊಂಡರು. ತಾವು ಮಾಡುತ್ತಿರುವುದು ಕೆಟ್ಟ ವ್ಯವಸ್ಥೆಯೊಂದಕ್ಕೆ ಕೊಟ್ಟ ಸಹಕಾರವನ್ನು ಹಿಂದೆಗೆದುಕೊಳ್ಳುವುದು ಎಂದು ನಿಶ್ಚಯಿಸಿಕೊಂಡ ಮೇಲೆ ಅವರ ಮನಸ್ಸು ತಿಳಿಯಾಯಿತು. ಇದನ್ನು ಅವರೇ 1958ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ.

ನಿವೃತ್ತಿಗೆ ಮುಂಚಿನ ಕೊನೆಯ ಕೆಲವು ವರ್ಷ ಈ ಪದವನ್ನು ನಾನು ಬೇರೆ ರೀತಿಯಲ್ಲಿ ಕಲಿಸಿದೆ. ಬಲಭಾಗದಲ್ಲಿ ಒಂದೇ ಅರ್ಥ ಬರೆಯುವುದನ್ನು ಬಿಟ್ಟು ಪ್ರಶ್ನೆಗಳನ್ನು ಬರೆಯುತ್ತಿದ್ದೆ. ಯಾರು ಯಾರನ್ನು? ಯಾರ ಕೈಯಲ್ಲಿ ಬಲವಿದೆ? ಹೊರಗುಳಿದವನು ತಾನಾಗಿ ಹೋದನೋ, ನೂಕಿಸಿಕೊಂಡನೋ? ಮಕ್ಕಳು ಮೊದಲು ಸುಮ್ಮನಿರುತ್ತಿದ್ದರು, ಆಮೇಲೆ ತಮ್ಮ ತಮ್ಮ ಊರಿನ ಸಂಗತಿಗಳನ್ನು ಹೇಳತೊಡಗುತ್ತಿದ್ದರು. ಕೆಲವು ದಿನ ಪಾಠ ಮುಂದೆ ಸಾಗುತ್ತಿರಲಿಲ್ಲ.

ಆ ಹುಡುಗ ಮರುವರ್ಷ ಬೇರೆ ಊರಿನ ಹಾಸ್ಟೆಲಿಗೆ ಸೇರಿದನೆಂದು ತಿಳಿಯಿತು. ಮತ್ತೆ ಅವನನ್ನು ನಾನು ಕಾಣಲಿಲ್ಲ. ಅವನ ಪುಸ್ತಕದಲ್ಲಿ ನಾನು ಮಾಡಿದ ತಿದ್ದುಪಡಿ ವ್ಯಾಕರಣದ ದೃಷ್ಟಿಯಿಂದ ಸರಿಯಾಗಿಯೇ ಇತ್ತು. ಇಂಗ್ಲಿಷಿನ ಕರ್ಮಣಿ ಪ್ರಯೋಗದಲ್ಲಿ ಕರ್ತೃವನ್ನು ಹೇಳದೆ ಬಿಡಬಹುದೆಂದೂ ನಾನೇ ಕಲಿಸಿದ್ದೆ. ಅವನು ಅದನ್ನು ಪಾಲಿಸಿ, ಯಾರಿಂದ ಎಂಬುದನ್ನು ಬಿಟ್ಟಿದ್ದ. ಮೇಷ್ಟ್ರಾದವನು ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಯಾರಿಂದ?’ ಎಂದೊಂದು ಪ್ರಶ್ನೆ ಬರೆದಿದ್ದರೆ ಸಾಕಿತ್ತು. ಆ ಪಟ್ಟಿಯಲ್ಲಿ ನನ್ನ ಕೋಣೆಯ ಯಜಮಾನರ ಹೆಸರು ಬರುತ್ತಿತ್ತು. ನನ್ನ ಹೆಸರೂ ಬರುತ್ತಿತ್ತು.